ಒಂದೇ ಫ್ಲಾಪಿಗೆ ಅತ್ತೆಯ ಹಾಡು

ನಮ್ಮ ಮನೆತನದ ಹೆಣ್ಣುಮಕ್ಕಳ ಮದುವೆಗೆ ಅರಿಷಿಣ ಬೀಸುವ ಕೆಲಸ ಅಕ್ಕಲಕೋಟೆಯ ಅತ್ತೆಯದು. ಅತ್ತೆ ಎಂದರೆ ಅಪ್ಪನ ಅಕ್ಕ. ಅರಿಷಿಣದ ಪುಡಿ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತಿತ್ತು, ಗಿರಣಿ ಓಣಿಗೊಂದು ಇತ್ತು. ಆದರೂ ಮುತ್ತೈದೆಯರು ಬೀಸುಕಲ್ಲಿನ ಸುತ್ತ ಕೂತು, ಅತ್ತೆ ಗೂಟ ಹಿಡಿದು ಹಾಡು ಎತ್ತಿದ ಮೇಲೆಯೇ ಮದುವೆ ಶುರುವಾಯಿತು ಎಂದು ನಮ್ಮಲ್ಲಿ ಲೆಕ್ಕ. ಆ ಹೊತ್ತಿಗೆ ಗಂಡಸರು ಆ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಹಾಡು ನಾಗಣಸೂರಿನದು. ಅಪ್ಪ, ಅತ್ತೆ ಇಬ್ಬರೂ ಹುಟ್ಟಿದ್ದು ಅಲ್ಲಿ, ಅವರ ಅಜ್ಜಿಯಿಂದ ಅತ್ತೆಗೆ ಬಂದದ್ದು. ಅತ್ತೆಯ ನಂತರ ಯಾರಿಗೆ ಎಂದು ಯಾರೂ ಯೋಚಿಸಿರಲಿಲ್ಲ, ಏಕೆಂದರೆ ಅತ್ತೆ ಇಲ್ಲದ ಮದುವೆಯನ್ನು ನಾವ್ಯಾರೂ ಕಂಡಿರಲಿಲ್ಲ. ನನ್ನ ವಾರಗೆಯ ಹುಡುಗಿಯರಿಗೆಲ್ಲ ಅವಳು ಹಾಡಿ ಮುಗಿಸಿದ್ದಳು. ಉಳಿದವಳು ನಾನೊಬ್ಬಳು.

ತೊಂಬತ್ತರ ದಶಕ ಮುಗಿಯಲು ಬಂದಾಗ ಅತ್ತೆಯ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ನಾವಿದ್ದ ಸೋಲಾಪುರದ ಡಾಕ್ಟರು ಒತ್ತಿ ನೋಡಿ, ಅದನ್ನು ತೆಗೆಯಲೇಬೇಕು, ಜೀವಕ್ಕೆ ಭಯವಿಲ್ಲ, ಆದರೆ ಧ್ವನಿಯ ಬಗ್ಗೆ ಮಾತು ಕೊಡಲಾರೆ ಎಂದರು. ಅತ್ತೆ ಸ್ವಲ್ಪವೂ ಅಳುಕಲಿಲ್ಲ.

"ತೆಗೀರಿ, ಬ್ಯಾಡ ಅನ್ನಂಗಿಲ್ಲ. ಮೊದಲ ಈ ಹುಡುಗೀದ ಅರಿಷಿಣ ಬೀಸಿ ಬರ್ತೀನಿ," ಎಂದು ನನ್ನ ಕಡೆ ಕೈ ಮಾಡಿದಳು.

"ಲಗ್ನ ಯಾವಾಗ ಅದರಿ?" ಎಂದು ಡಾಕ್ಟರು ಕೇಳಿದರು.

"ವರ ಇನ್ನ ಸಿಕ್ಕಿಲ್ಲರಿ. ಹುಡುಕಾಕತ್ತೀವಿ."

ಡಾಕ್ಟರು ನಕ್ಕುಬಿಟ್ಟರು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಆಗ ನಾನು ಒಂದು ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಬಂದ ವರಗಳಿಗೆಲ್ಲ ಒಂದೊಂದು ಕೊಂಕು ತೆಗೆದು ವಾಪಸು ಕಳಿಸುತ್ತಿದ್ದೆ. ಒಬ್ಬನಿಗೆ ಮಾತು ಜಾಸ್ತಿ, ಒಬ್ಬನಿಗೆ ಮಾತೇ ಇಲ್ಲ, ಒಬ್ಬ ನನ್ನ ಎದುರಿಗೇ ಬಶಿಯಲ್ಲಿ ಚಹಾ ಸುರಿದುಕೊಂಡು ಸೊರ್ ಎಂದು ಕುಡಿದ. ಈಗ ಅತ್ತೆಯ ಗಂಟಿಗೂ ನನ್ನ ಮದುವೆಗೂ ನಂಟು ಹಾಕಿದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ. ಆದರೆ ಬಸ್ಸಿನಲ್ಲಿ ಅವಳ ಪಕ್ಕ ಕೂತು ಮನೆಗೆ ಬರುವಾಗ ನನಗೂ ಅದೇ ಚಿಂತೆ. ಬೇರೆ ಯಾರ ಹಾಡಿಗಾದರೂ ನನ್ನ ಅರಿಷಿಣ ಬೀಸುವುದನ್ನು ಊಹಿಸಲು ಆಗುತ್ತಿರಲಿಲ್ಲ.

ಉಪಾಯ ಹೇಳಿದ್ದು ಅಣ್ಣ. ಅವನು ಸೋಲಾಪುರದ ನವಿ ಪೇಠದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ. ಅಪ್ಪ ನಮ್ಮಿಬ್ಬರನ್ನೂ ಬೇರೆ ಬೇರೆ ಶಾಲೆಗೆ ಹಾಕಿದ್ದರು: ಮಗಳು ಮನೆಯ ಮಾತು ಉಳಿಸಲಿ ಎಂದು ಕನ್ನಡಕ್ಕೆ, ಮಗ ನೌಕರಿ ಹಿಡಿಯಲಿ ಎಂದು ಮರಾಠಿಗೆ. ಹಾಗಾಗಿ ಅಣ್ಣನ ಕನ್ನಡ ಅಡುಗೆಮನೆಯಿಂದ ಪಡಸಾಲೆಯವರೆಗೆ ಓಡಾಡುತ್ತಿತ್ತು, ಅದರಾಚೆಗೆ ಹೋಗುತ್ತಿರಲಿಲ್ಲ. ಆದರೆ ಯಾವುದೇ ಯಂತ್ರವನ್ನು ಕೊಟ್ಟರೂ ಬಿಚ್ಚಿ ಜೋಡಿಸುವವನು.

"ಅತ್ತೀ, ನೀ ಈಗs ಹಾಡಿಬಿಡು. ಟೇಪ್ ಮಾಡ್ಕೋತೀನಿ. ಆಮ್ಯಾಲ ಕಂಪ್ಯೂಟರದಾಗ ಹಾಕಿ ಇಡ್ತೀನಿ. ಕ್ಯಾಸೆಟ್ ಭರವಸಾ ಇಲ್ಲ, ರೀಲ ಸಿಕ್ಕೋತದ," ಎಂದ.

ಒಂದು ರವಿವಾರ ನಾವು ಎಸ್‌ಟಿ ಬಸ್ಸು ಹಿಡಿದು ಟೇಪ್ ರೆಕಾರ್ಡರ್ ಸಮೇತ ಅಕ್ಕಲಕೋಟೆಗೆ ಹೋದೆವು. ಅತ್ತೆ ಪಕ್ಕದ ಮನೆಯ ಹೆಂಗಸರನ್ನು ಕರೆಸಿದ್ದಳು, ಬೀಸುಕಲ್ಲನ್ನು ತೊಳೆದು ಕುಂಕುಮ ಇಟ್ಟಿದ್ದಳು, ಮದುವೆಯೇ ಇದೆ ಎಂಬಂತೆ ಇಳಕಲ್ ಸೀರೆ ಉಟ್ಟಿದ್ದಳು. ಅಣ್ಣ ರೆಕಾರ್ಡರನ್ನು ಒಂದು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟು, ಯಾವ ಬಟನ್ ಒತ್ತಬೇಕೆಂದು ನನಗೆ ತೋರಿಸಿದ. ಆಮೇಲೆ ಅವನನ್ನು ಪಡಸಾಲೆಗೆ ಅಟ್ಟಿ ಬಾಗಿಲು ಹಾಕಿದರು.

ಆ ಹಾಡಿನ ರೀತಿ ಹೇಳಬೇಕು. ಪ್ರತಿ ನುಡಿಯ ಕೊನೆಗೆ ಅತ್ತೆ ಒಂದು ಪ್ರಶ್ನೆ ಹಾಕುತ್ತಾಳೆ. ನಮ್ಮ ಮಗಳಿಗೆ ಅರಿಷಿಣ ಬೀಸುತ್ತಿದ್ದೇವೆ, ಅಂಗಳಕ್ಕೆ ಬಂದ ಅಳಿಯ ಯಾರು? ಸುತ್ತ ಕೂತವರು ಕಲ್ಲಿನ ಲಯಕ್ಕೆ ಹೊಂದಿಸಿ ವರನ ಊರು, ಹೆಸರು ಸೇರಿಸಿ ಉತ್ತರ ಕೊಡುತ್ತಾರೆ. ನಂತರ ಮುಂದಿನ ನುಡಿ, ಮತ್ತೆ ಪ್ರಶ್ನೆ. ನುಡಿ ಬದಲಾಗುತ್ತದೆ, ಉತ್ತರ ಮಾತ್ರ ಅದೇ. ಹೀಗೆ ಹೊಸ ಹೆಸರು ಮನೆಯವರ ಬಾಯಿಗೆ ರೂಢಿಯಾಗುತ್ತದೆ. ಒಮ್ಮೆ ಎತ್ತಿದ ಹಾಡನ್ನು ನಡುವೆ ನಿಲ್ಲಿಸುವಂತಿಲ್ಲ, ಕಲ್ಲನ್ನೂ ನಿಲ್ಲಿಸುವಂತಿಲ್ಲ.

ಅತ್ತೆ ಹಾಡು ಎತ್ತಿದಳು. ದೊಡ್ಡ ಧ್ವನಿ ಅವಳದು, ತುಸು ಒರಟು, ಮೇಲೆ ಹೋದಾಗ ಮಾತ್ರ ಇದ್ದಕ್ಕಿದ್ದಂತೆ ಮೆತ್ತಗಾಗುತ್ತಿತ್ತು. ಮೊದಲ ನುಡಿ ಮುಗಿದು, ಅಳಿಯ ಯಾರು ಎಂದು ಕೇಳಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೇಳಲು ಯಾವ ಹೆಸರೂ ಇರಲಿಲ್ಲ. ಅತ್ತೆ ಕಣ್ಣಿನಲ್ಲೇ ಸುಮ್ಮನಿರಲು ಹೇಳಿ, ಉತ್ತರಕ್ಕೆ ಬೇಕಾದಷ್ಟು ಹೊತ್ತು ಬರಿ ಕಲ್ಲು ತಿರುಗಿಸಿದಳು. ಆಮೇಲೆ ಎರಡನೆಯ ನುಡಿಗೆ ಹೋದಳು. ಪ್ರತಿ ಪ್ರಶ್ನೆಯ ಮುಂದೆಯೂ ಹಾಗೆಯೇ ಜಾಗ ಬಿಟ್ಟಳು. ಕಲ್ಲಿನ ಗರಗರ, ಬಳೆಯ ಸದ್ದು, ಅವಳ ಉಸಿರು, ಅಷ್ಟೇ. ಎಲ್ಲೋ ಇರುವ, ನಾನೂ ನೋಡಿರದ ಒಬ್ಬ ಮನುಷ್ಯನಿಗಾಗಿ ಅವಳು ಹೀಗೆ ತಾಳ್ಮೆಯಿಂದ ಕಾಯುತ್ತಿದ್ದಳು. ಚಹಾ ಸೊರ್ ಎನ್ನಿಸಿದವನನ್ನಾದರೂ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತೇನೋ ಎಂದು ಒಂದು ಕ್ಷಣ ಅನ್ನಿಸಿತು. ಒಂದೇ ಕ್ಷಣ.

ಇನ್ನು ಕಂಪ್ಯೂಟರಿನ ಕತೆ. ಅಣ್ಣ ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ಒಂದು ವಾಯರು ಎಳೆದು ಹಾಡನ್ನು ಒಳಗೆ ಸೇರಿಸಿದ. ಅದು ಕ್ಲಾಸಿನ ಹಾರ್ಡ್ ಡಿಸ್ಕಿನಲ್ಲಿ ಎಷ್ಟು ಜಾಗ ಹಿಡಿಯಿತೆಂದರೆ, ಕ್ಲಾಸಿನ ಯಜಮಾನರು ಎರಡೇ ದಿನಕ್ಕೆ, "ನಿಮ್ಮ ಅತ್ತೀನ ಖಾಲಿ ಮಾಡ್ರಿ," ಎಂದು ಗದರಿದರು. ಸೀಡಿ ಬರೆಯುವ ಯಂತ್ರ ಪುಣೆಯಲ್ಲಿ ಇದೆಯಂತೆ ಎಂದು ಕೇಳಿದ್ದೆವು, ನೋಡಿರಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಫ್ಲಾಪಿ, ಅಂಗೈಯಗಲದ ಕರಿ ಬಿಲ್ಲೆ. ಅದರಲ್ಲಿ ಆ ಹಾಡಿನ ಒಂದು ನುಡಿಯೂ ಹಿಡಿಯುತ್ತಿರಲಿಲ್ಲ.

ಹಾಡನ್ನು ತುಂಡು ಮಾಡಿ ಹಲವು ಫ್ಲಾಪಿಗಳಿಗೆ ಹಂಚಬಹುದಿತ್ತು. ಅಣ್ಣ ಅಕ್ಕಲಕೋಟೆಗೆ ಫೋನು ಮಾಡಿ ಕೇಳಿದ. ಅತ್ತೆ ಸಾಫ್ ಬೇಡ ಎಂದಳು.

"ಲಗ್ನದ ಹಾಡ ತುಕಡಾ ಮಾಡ್ತಾರೇನೋ ತಮ್ಮಾ? ಇಡೀದ ಒಂದs ಕಡಿ ಇರಬೇಕು."

ಅಣ್ಣನಿಗೂ ಅದು ಸರಿ ಎನ್ನಿಸಿತು, ಬೇರೆ ಕಾರಣಕ್ಕೆ. ಹತ್ತು ಫ್ಲಾಪಿಯಲ್ಲಿ ಒಂದು ಕೆಟ್ಟರೂ ಎಲ್ಲ ಕೆಟ್ಟಂತೆ. ಒಂದೇ ಫ್ಲಾಪಿಯಲ್ಲಿ ಹಿಡಿಸಿದರೆ ಅದರ ನಕಲುಗಳನ್ನು ನಾಲ್ಕು ಮನೆಯಲ್ಲಿ ಇಡಬಹುದು. ಆಗ ಅವನಿಗೆ ಎಂಪಿ ಥ್ರೀ ಮಾಡುವ ಒಂದು ಪ್ರೋಗ್ರಾಮು ಎಲ್ಲಿಂದಲೋ ಸಿಕ್ಕಿತ್ತು. ಊಟಕ್ಕೆ ಕೂತಾಗ ಅಪ್ಪನಿಗೆ ಅದನ್ನು ವಿವರಿಸಿದ. ಒಂದೊಂದು ಸೆಕೆಂಡಿನ ಸದ್ದನ್ನು ಬರೆದಿಡಲು ಇಂತಿಷ್ಟೇ ಜಾಗ ಎಂದು ನಾವು ಹೇಳುವುದು, ಅದಕ್ಕೆ ಬಿಟ್ ರೇಟ್ ಎನ್ನುತ್ತಾರೆ. ರೇಟ್ ಇಳಿಸಿದಷ್ಟೂ ಫೈಲು ಸಣ್ಣದಾಗುತ್ತದೆ.

"ಹಂಗಾದ್ರ ಉಳದದ್ದ ಎಲ್ಲಿ ಹೋಗ್ತದ?" ಎಂದರು ಅಪ್ಪ.

"ಕಿವಿಗಿ ಕೇಳದ್ದ ಇರ್ತದಲಾ, ಅದನ್ನ ತಗದ ಬಿಡ್ತದ."

"ನಮ್ಮ ಅಕ್ಕಂದು ಕಿವಿಗಿ ಕೇಳದ್ದ ಯಾವದೋ? ಅಕಿ ಬಸ್‌ಸ್ಟ್ಯಾಂಡಿಗಿ ನಿಂತ ಕೂಗಿದ್ರ ಮನೀತನಾ ಕೇಳ್ತದ."

ಅಪ್ಪ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು. ಎಲ್ಲದಕ್ಕೂ ಹೀಗೆಯೇ ಷರಾ ಬರೆಯುವ ಅಭ್ಯಾಸ. ಆದರೆ ಅವರ ಅನುಮಾನವೇ ನಿಜವಾಯಿತು. ಅಣ್ಣ ರೇಟ್ ಇಳಿಸುತ್ತ ಹೋದಂತೆ ಮೊದಲು ಬಳೆಯ ಸದ್ದು ಹೋಯಿತು, ನಂತರ ಉಸಿರು ಹೋಯಿತು. ಫೈಲು ಇನ್ನೂ ಫ್ಲಾಪಿಗಿಂತ ದೊಡ್ಡದೇ. ತೀರಾ ಕೆಳಗಿಳಿಸಿದಾಗ ಹಾಡು ಹಿಡಿಯಿತು, ಆದರೆ ಧ್ವನಿ ಯಾರೋ ಮೂಗು ಹಿಡಿದುಕೊಂಡು ಹಾಡಿದ ಹಾಗೆ. ಅಷ್ಟು ಕೆಡಿಸಲು ಅಣ್ಣನಿಗೆ ಮನಸ್ಸು ಬರಲಿಲ್ಲ. ಅವನನ್ನು ಎತ್ತಿ ಆಡಿಸಿದವಳು ಅತ್ತೆ. ಅವಳ ಧ್ವನಿ ಒಂದು ಎಳೆಯಷ್ಟಾದರೂ ಚೆನ್ನಾಗಿರಲಿ ಎಂದು ದಿನವೂ ಕ್ಲಾಸು ಮುಗಿದ ಮೇಲೆ ಕೂತು ಒದ್ದಾಡುತ್ತಿದ್ದ.

ಕೊನೆಗೆ ಒಂದು ದಿನ ಮುಖ ಅರಳಿಸಿಕೊಂಡು ಬಂದ. ಹಾಡನ್ನು ಮೊದಲಿನ ಒಂದೂವರೆಪಟ್ಟು ರೇಟಿನಲ್ಲಿ ಹಿಡಿಸಿದ್ದೇನೆ, ಅತ್ತೆ ಎದುರಿಗೇ ಕೂತು ಹಾಡಿದಂತಿದೆ, ಹೇಗೆ ಎಂದು ಕೇಳಬೇಡ, ಬಂದು ನೋಡು ಎಂದ. ನನಗೆ ಶಾಲೆಯಲ್ಲಿ ಪರೀಕ್ಷೆಯ ಗದ್ದಲ, ಹೋಗಲಿಲ್ಲ. ಆ ವಾರವೇ ಅತ್ತೆ ಆಸ್ಪತ್ರೆಗೆ ಸೇರಲು ಸೋಲಾಪುರಕ್ಕೆ ಬಂದಳು. ಸೇರುವ ಮುಂಚೆ ಕೇಳಿಬಿಡಲಿ ಎಂದು ಅವಳನ್ನು ನವಿ ಪೇಠಕ್ಕೆ ಕರೆದುಕೊಂಡು ಹೋದೆವು. ಬಟ್ಟೆ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲನ್ನು ಅವಳು ಗೋಡೆ ಹಿಡಿದುಕೊಂಡು ಏರಿದಳು. ಅಪ್ಪ ಅವಳ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿಂದಿನಿಂದ ಬಂದರು.

ಅಣ್ಣ ಅವಳ ಸೆರಗು ಸರಿಸಿ ಕಿವಿಗೆ ಹೆಡ್‌ಫೋನು ಹಾಕಿದ. ಮೊದಲು ಅತ್ತೆ ಬಾಯಿ ಮುಚ್ಚಿಕೊಂಡು ನಕ್ಕಳು. ತಲೆದೂಗಿದಳು. ತೊಡೆಯ ಮೇಲೆ ಕೈ ಸುತ್ತುತ್ತ ಇಲ್ಲದ ಕಲ್ಲನ್ನು ತಿರುಗಿಸಿದಳು. ಆಮೇಲೆ ಕೈ ತಡವರಿಸಿತು. ಇನ್ನೂ ಒಂದೆರಡು ನುಡಿ ಕೇಳಿ ಹೆಡ್‌ಫೋನು ತೆಗೆದಳು.

"ಜಾಗಾ ಎಲ್ಲಿ ಹೋತೋ?"

"ಯಾವ ಜಾಗಾ ಅತ್ತಿ?"

"ಅಳಿಯ ಯಾರ ಅಂತ ಕೇಳ್ತೀನಿ. ಕೇಳಿದಕೂಡ್ಲೆ ಮುಂದಿನ ನುಡಿ ಹಾಡಾಕತ್ತೀನಿ. ಹೆಸರ ಹೇಳಾಕ ಜಾಗಾ ಬಿಟ್ಟಿದ್ದೆ, ಎಲ್ಲಿ ಅದು?"

ಅಣ್ಣ ಕಕ್ಕಾಬಿಕ್ಕಿಯಾದ. ಹೆಂಗಸರ ಕೋಣೆಗೆ ಎಂದೂ ಕಾಲಿಡದವನು. ಮದುವೆಗಳಲ್ಲಿ ಬಾಗಿಲ ಆಚೆಯಿಂದ ಕೇಳಿದ್ದು ಎಡೆಬಿಡದ ಹಾಡಷ್ಟೇ, ಯಾರು ಕೇಳುತ್ತಾರೆ, ಯಾರು ಹೇಳುತ್ತಾರೆ ಅವನಿಗೆ ಹೇಗೆ ಗೊತ್ತಾಗಬೇಕು.

"ನೀ ಮರತೀ ಅಂತ ತಿಳಕೊಂಡೆ ಅತ್ತಿ," ಎಂದ ಮೆಲ್ಲಗೆ. "ನಡುನಡುಕ ಗಪ್ ಕುಂತಿದ್ದಿ. ವಯಸ್ಸಾಗ್ಯದ, ನೆನಪ ಬರವಲ್ದು, ಲಗ್ನದಾಗ ನಾಲ್ಕ ಮಂದಿ ನಗಬಾರ್ದು ಅಂತ ಎಲ್ಲಾ ಕಟ್ ಮಾಡೀನಿ. ಅದಕ್ಕs ಫೈಲ ಸಣ್ಣದಾತು, ರೇಟ ಏರಸಾಕ ಬಂತು."

ನನಗೆ ಅಲ್ಲೇ ಅವನ ತಲೆಗೆ ಕುಟ್ಟಬೇಕು ಎನ್ನಿಸಿತು. ಅತ್ತೆಯ ಮರ್ಯಾದೆ ಕಾಯಲು ಹೋಗಿ ಮನೆಯ ಭಾವೀ ಅಳಿಯನನ್ನು ಅಂಗಳದಿಂದಲೇ ಓಡಿಸಿದ್ದ. ಅತ್ತೆ ಮಾತ್ರ ಬಯ್ಯಲಿಲ್ಲ. ಅವನ ಕೆನ್ನೆ ತಟ್ಟಿದಳು.

"ಹುಚ್ಚಪ್ಪಾ. ಪುನ್ಹಾ ಜಾಗಾ ಇಡು."

"ಇಡ್ತೀನಿ. ಆದ್ರ ಅತ್ತಿ, ಎಲ್ಲಾ ಇಟ್ರ ರೇಟ ಇಳಸಬೇಕಾಗ್ತದ. ನಿನ್ನ ಆವಾಜ ಭಾಳ ಖರಾಬ ಆಗ್ತದ."

"ನಂದ ಖರಾಬ ಆಗ್ಲಿ ಬಿಡೋ. ಅಂವಗ ಜಾಗಾ ಬೇಕು."

ಅಪ್ಪ ಕಿಟಕಿಯ ಕಡೆ ತಿರುಗಿ ನಿಂತರು. ನಾಳೆ ಆಪರೇಷನ್ನಿಗೆ ಹೋಗುವವಳು, ಆಮೇಲೆ ಧ್ವನಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದವಳು, ಇರುವ ಒಂದು ಧ್ವನಿಯನ್ನೂ ಯಾರೋ ಗುರುತಿಲ್ಲದವನಿಗಾಗಿ ಸಣ್ಣದು ಮಾಡು ಎನ್ನುತ್ತಿದ್ದಳು. ನನಗೆ ಆ ಮನುಷ್ಯನ ಮೇಲೆ, ಅವನು ಯಾರೇ ಇರಲಿ, ಹೊಟ್ಟೆಕಿಚ್ಚಾಯಿತು.

ಅಣ್ಣ ಕ್ಯಾಸೆಟ್ಟನ್ನು ಮತ್ತೆ ಮೊದಲಿನಿಂದ ಕಂಪ್ಯೂಟರಿಗೆ ಹಾಕಿದ. ಮಧ್ಯಾಹ್ನವೆಲ್ಲ ಆ ಯಂತ್ರ ಹಾಡನ್ನು ಅರೆಯುತ್ತ ಕೂತಿತು. ಅತ್ತೆ ಬೆಂಚಿನ ಮೇಲೆ ಕಾಲು ಮಡಚಿಕೊಂಡು, ಕ್ಲಾಸಿಗೆ ಬಂದ ಹುಡುಗಿಯರ ಊರು ಕೇರಿ ವಿಚಾರಿಸುತ್ತ ಹೊತ್ತು ಕಳೆದಳು. ಕಡೆಗೆ ಹಾಡು ಇಡಿಯಾಗಿ ಒಂದೇ ಫ್ಲಾಪಿಯಲ್ಲಿ ಹಿಡಿಯಿತು. ಅಣ್ಣ ಹೆದರುತ್ತಲೇ ಹೆಡ್‌ಫೋನು ಕೊಟ್ಟ. ಅಷ್ಟು ಕಡಿಮೆ ರೇಟಿನಲ್ಲಿ ಕಲ್ಲಿನ ಗರಗರ ನೀರಿನ ಗುಳುಗುಳು ಆಗಿಬಿಟ್ಟಿತ್ತು.

"ನಾ ಏನ ಬಾವ್ಯಾಗ ಕುಂತ ಬೀಸಾಕತ್ತೀನೇನೋ?" ಎಂದು ಅತ್ತೆ ಕೇಳಿದಳು. ಆದರೂ ಪೂರ್ತಿ ಕೇಳಿದಳು. ಪ್ರತಿ ಪ್ರಶ್ನೆಯ ನಂತರ ಬೆರಳು ಎತ್ತಿ ಕಾದು, ಜಾಗ ಸರಿಯಾಗಿದೆ ಎಂದು ತಲೆಯಾಡಿಸಿದಳು. ಮರುದಿನ ಆಸ್ಪತ್ರೆಗೆ ಹೋದಳು.

ಗಂಟು ಹೋಯಿತು, ಧ್ವನಿಯೂ ಹೋಯಿತು. ಉಳಿದದ್ದು ಪಿಸುಮಾತಿಗಿಂತ ತುಸು ಹೆಚ್ಚಿನ ಒಂದು ಗೊಗ್ಗರು ಸದ್ದು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಕೇಳುತ್ತಿದ್ದವಳ ಮಾತಿಗೆ ಈಗ ನಾವು ಕಿವಿಯನ್ನು ಬಾಯಿಯ ಹತ್ತಿರ ಒಯ್ಯಬೇಕಿತ್ತು. ಅವಳು ಅದನ್ನೂ ತಮಾಷೆ ಮಾಡಿದಳು, ಈಗ ಎಲ್ಲರೂ ನನ್ನ ಹತ್ತಿರ ಬರುತ್ತೀರಿ ಎಂದು. ಅಪ್ಪನಿಗೆ ಮಾತ್ರ ತಡೆಯಲಾಗಲಿಲ್ಲ. ಕಚೇರಿಯಿಂದ ಬಂದವರೇ ಆ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದರು. ಮತ್ತೆ ಮತ್ತೆ ತಿರುಗಿಸಿ ಕೇಳಿದರು. ಬೇಸಿಗೆ ಬರುವಷ್ಟರಲ್ಲಿ ರೀಲು ಸವೆದು, ಒಂದು ದಿನ ಯಂತ್ರಕ್ಕೆ ಸುತ್ತಿಕೊಂಡು ತುಂಡಾಯಿತು. ಬಿಡಿಸಲು ಹೋಗಿ ಅಪ್ಪ ಅದನ್ನು ಕೈತುಂಬ ಎಳೆದುಕೊಂಡು ಕೂತಿದ್ದರು. ಕ್ಲಾಸಿನಲ್ಲಿದ್ದ ದೊಡ್ಡ ಫೈಲನ್ನು ಯಜಮಾನರು ಎಂದೋ ಅಳಿಸಿಹಾಕಿದ್ದರು. ಅತ್ತೆಯ ಧ್ವನಿ ಎಂದು ಈಗ ಉಳಿದಿದ್ದು ಬಾವಿಯೊಳಗಿನ ಆ ಹಾಡು, ಅಷ್ಟೇ.

ಮುಂದಿನ ವರ್ಷ ಮಂಗಳವೇಢೆಯಿಂದ ಒಂದು ವರ ಬಂತು. ಮಾತು ಜಾಸ್ತಿಯೂ ಇರಲಿಲ್ಲ, ಕಡಿಮೆಯೂ ಇರಲಿಲ್ಲ, ಚಹಾ ಕಪ್ಪಿನಲ್ಲೇ ಕುಡಿದ. ನಾನು ಹೂಂ ಎಂದೆ. ಸುದ್ದಿ ಕೇಳಿ ಅತ್ತೆ ನೌಕರಿ ಯಾವುದು, ಹೊಲ ಎಷ್ಟು ಎಂದು ಏನೂ ಕೇಳಲಿಲ್ಲ. "ಹೆಸರ ಏನಂತ?" ಎಂದಳು. ಹೇಳಿದೆವು. ಎರಡೇ ಅಕ್ಷರದ ಹೆಸರು. ಅತ್ತೆ ಬಾಯಿಯೊಳಗೇ ಅದನ್ನು ಹಾಡಿನ ಲಯಕ್ಕೆ ಕೂರಿಸಿ ನೋಡಿ, "ಸಣ್ಣದಾತು. ಎಳದ ಹಾಡ್ರಿ," ಎಂದಳು.

ಅರಿಷಿಣ ಬೀಸುವ ದಿನ ಅಣ್ಣ ಕ್ಲಾಸಿನ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ರಿಕ್ಷಾದಲ್ಲಿ ತಂದ. ಬೀಸುಕಲ್ಲಿನ ಪಕ್ಕ ಮೇಜು ಹಾಕಿ ಅದನ್ನು ಇಟ್ಟರು. ನಡೆಸಲು ಬೇರೆ ಯಾರಿಗೂ ಬಾರದ್ದರಿಂದ, ನಮ್ಮ ಮನೆತನದಲ್ಲಿ ಮೊದಲ ಸಲ ಒಬ್ಬ ಗಂಡಸಿಗೆ ಆ ಕೋಣೆಯಲ್ಲಿ ಕೂರಲು ಅಪ್ಪಣೆ ಸಿಕ್ಕಿತು. ಮೊದಲು ಹಾಕಿದ ಫ್ಲಾಪಿ ಕಟಕಟ ಎಂದು ಸದ್ದು ಮಾಡಿ ಸುಮ್ಮನಾಯಿತು. ಎಲ್ಲರ ಮುಖ ಇಳಿಯಿತು. ಅತ್ತೆ ಅಕ್ಕಲಕೋಟೆಯಿಂದ ತಂದಿದ್ದ ನಕಲನ್ನು ಯಂತ್ರ ಓದಿತು. ಅತ್ತೆ ಗೂಟ ಹಿಡಿದಳು, ಅಣ್ಣ ಬಟನ್ ಒತ್ತಿದ.

ಧ್ವನಿ ಬಂತು. ಎಲ್ಲೋ ಆಳದಿಂದ, ಅಂಚು ಸವೆದು, ಅರಿಷಿಣದ ಷಕಾರವೂ ಸರಿಯಾಗಿ ಕೇಳದೆ. ಆದರೂ ಅತ್ತೆಯದೇ. ಫೈಲಿನಲ್ಲಿ ಸತ್ತುಹೋಗಿದ್ದ ಕಲ್ಲಿನ ಸದ್ದನ್ನು ಅವಳ ಕೈ ಎದುರಿಗೆ ತಿರುಗಿಸಿ ತುಂಬುತ್ತಿತ್ತು. ಮೊದಲ ನುಡಿ ಮುಗಿಯಿತು. ಅಂಗಳಕ್ಕೆ ಬಂದ ಅಳಿಯ ಯಾರು?

ಹೆಂಗಸರೆಲ್ಲ ಕಂಪ್ಯೂಟರಿನ ಪರದೆಯಲ್ಲಿ ಕುಣಿಯುವ ಗೆರೆಗಳನ್ನು ನೋಡುತ್ತ ಮೈಮರೆತಿದ್ದರು. ಮದುಮಗಳು ಗಂಡನ ಹೆಸರು ಹೇಳುವಂತಿಲ್ಲ. ನಾನು ಅಸಹಾಯಕಳಾಗಿ ಕೂತಿದ್ದೆ. ಅತ್ತೆ ಬಿಟ್ಟ ಜಾಗ ಖಾಲಿಯಾಗಿ ಮುಂದೆ ಸರಿದುಹೋಗುತ್ತಿತ್ತು. ಆಗ ಅಣ್ಣ, ಕನ್ನಡ ಶಾಲೆಯ ಮುಖ ನೋಡದ ನಮ್ಮ ಅಣ್ಣ, ಕುರ್ಚಿಯಿಂದ ಅರ್ಧ ಎದ್ದು, ರಾಗವಿಲ್ಲ ತಾಳವಿಲ್ಲ, ಹಾಜರಿ ಕರೆದ ಹಾಗೆ ಮಂಗಳವೇಢೆಯ ಹೆಸರನ್ನೂ ನನ್ನ ಗಂಡನ ಹೆಸರನ್ನೂ ಕೂಗಿದ. ಕೋಣೆ ತುಂಬ ನಗೆ. ಎರಡನೆಯ ಪ್ರಶ್ನೆಗೆ ಎಲ್ಲರೂ ಹೇಳಿದರು. ಮೂರನೆಯದಕ್ಕೆ ಆ ಎರಡು ಅಕ್ಷರವನ್ನು ಎಷ್ಟು ಎಳೆಯಬೇಕು ಎಂದೂ ತಿಳಿಯಿತು.

ಕೊನೆಯ ನುಡಿಗೆ ಅತ್ತೆ ಎಡಗೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದಳು. ಯಂತ್ರದೊಳಗಿನ ಅವಳ ದೊಡ್ಡ ಧ್ವನಿ ಕೇಳಿತು, ಅಳಿಯ ಯಾರು? ಕಲ್ಲಿನ ಮುಂದೆ ಕೂತ ಅವಳು ತನ್ನ ಗೊಗ್ಗರು ಧ್ವನಿಯಲ್ಲಿ ಉತ್ತರ ಹೇಳಿದಳು. ಊರು, ಹೆಸರು. ಇಷ್ಟು ವರ್ಷ ಬರಿ ಕೇಳಿದವಳು, ಹೇಳಿದ್ದು ಅದೇ ಮೊದಲು. ಅವಳ ಉತ್ತರ ಮುಗಿಯುವುದಕ್ಕೂ ಯಂತ್ರದಲ್ಲಿ ಅವಳು ಬಿಟ್ಟಿದ್ದ ಜಾಗ ಮುಗಿಯುವುದಕ್ಕೂ ಸರಿಹೋಯಿತು.

ಹಾಡು ಮುಗಿದ ಮೇಲೆ ಹೆಂಗಸರು ಅರಿಷಿಣ ಬಾಚುವ ಗಡಿಬಿಡಿಯಲ್ಲಿದ್ದರು. ಅತ್ತೆ ಇನ್ನೂ ಆ ಪೆಟ್ಟಿಗೆಯನ್ನೇ ನೋಡುತ್ತಿದ್ದಳು. ನನ್ನನ್ನು ಹತ್ತಿರ ಕರೆದಳು. ಬಗ್ಗಿ ಕಿವಿ ಕೊಟ್ಟೆ.

"ಎಷ್ಟ ಚಂದ ಹಾಡ್ತಿದ್ನಲ್ಲ ನಾ," ಎಂದಳು.

ಇದು ನಿನ್ನ ಧ್ವನಿಯ ಬರಿ ಚೂರು ಅತ್ತೀ, ನಿಜವಾದದ್ದು ಇದರ ಹತ್ತುಪಟ್ಟು ಚಂದ ಇತ್ತು ಎಂದು ಹೇಳಬೇಕೆಂದುಕೊಂಡೆ. ಬಾಯಿ ತೆರೆದರೆ ಅಳು ಬಂತು. ಮದುಮಗಳು ಅಳುವುದು ಸಹಜ ಎಂದು ಯಾರೂ ಏನೂ ಕೇಳಲಿಲ್ಲ. ಅತ್ತೆ ತನ್ನ ಅರಿಷಿಣದ ಕೈಯಿಂದಲೇ ನನ್ನ ಕಣ್ಣು ಒರೆಸಿದಳು.